ಜವಾಬ್ ವಹಿ

"ಆ ಮುದುಕ ನೀರಿಗಿ ಯಾಕ ಇಳಿಲಿಲ್ಲ?"

ಗುರುಲಿಂಗ ಮುತ್ಯಾ ಇದನ್ನು ಕೇಳಿದ್ದು ಯಾರಿಗೂ ಅಲ್ಲ. ಬೇವಿನ ಕಡ್ಡಿ ಕೈಯಲ್ಲಿ ಹಿಡಿದು, ಅಂಗಳದ ಕಟ್ಟೆಯ ಮೇಲೆ ಕೂತು, ಎದುರಿನ ಗೋಡೆ ನೋಡುತ್ತ ಕೇಳಿದ. ಗೋಡೆ ಸುಮ್ಮನಿತ್ತು. ಪಕ್ಕದ ಮನೆಯ ಶಕುಂತಲಾಬಾಯಿ ಮಾತ್ರ ತುಂಬುತ್ತಿದ್ದ ಕೊಡ ಅಲ್ಲಿಗೇ ಬಿಟ್ಟು, "ಯಾವ ಮುದುಕರಿ ಕಾಕಾ? ಯಾವ ಬಾವ್ಯಾಗ?" ಎಂದು ವಿಚಾರಿಸಿದಳು. ಮುತ್ಯಾ ಕಣ್ಣು ಮುಚ್ಚಿಬಿಟ್ಟ.

ಒಳಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಮೊಮ್ಮಗ ನಾಗನಾಥ ಇದನ್ನು ಕೇಳಿ ಒಂದು ಗುಂಡಿ ತಪ್ಪು ಕಾಜಿಗೆ ಸಿಕ್ಕಿಸಿದ. ಅವನಿಗೆ ಬೇಕಾಗಿದ್ದದ್ದು ಉತ್ತರ. ಮುತ್ಯಾ ಬೆಳಗಾಗೆದ್ದು ಪ್ರಶ್ನೆ ಕೇಳುತ್ತಿದ್ದ.

ಸಂಗತಿ ಹೀಗಿತ್ತು. ನಾಗನಾಥ ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿ ಬಿಎ ಎರಡನೇ ವರ್ಷ ಓದುತ್ತಿದ್ದ. ಹೋದ ವರ್ಷ ಇಂಗ್ಲಿಷ್ ಉಳಿದಿತ್ತು. ಈ ವರ್ಷ ಅದನ್ನು ಕಲಿಸಲು ಬಂದ ಸುಮೇಧಾ ಮೇಡಂ ಒಂದು ಹೊಸ ಪದ್ಧತಿ ತಂದಿದ್ದರು. ಓದಿದ ಪದ್ಯಕ್ಕೆ, ನೋಡಿದ ಸಿನಿಮಾಕ್ಕೆ, ಕೇಳಿದ ಕತೆಗೆ ನಿಮ್ಮ ಮನಸ್ಸು ಏನು ಹೇಳಿತೋ ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಗೈಡ್ ನೋಡಬಾರದು, ಮೊಬೈಲ್ ಕೇಳಬಾರದು. ಮೂರು ಬರಹ, ಹತ್ತು ಅಂಕ. ಆ ಹತ್ತು ಇಲ್ಲದೆ ನಾಗನಾಥ ಪಾಸಾಗುವ ಲೆಕ್ಕ ಯಾವ ಕಡೆಯಿಂದ ಕೂಡಿದರೂ ಕೂಡುತ್ತಿರಲಿಲ್ಲ. ಮೇಡಂ ಅದಕ್ಕೊಂದು ಚಂದದ ಇಂಗ್ಲಿಷ್ ಹೆಸರು ಇಟ್ಟಿದ್ದರು. ಹುಡುಗರು ಅದನ್ನು 'ಜವಾಬ್ ವಹಿ' ಎಂದು ಕರೆದರು.

ನಾಗನಾಥನ ತೊಂದರೆ ಏನೆಂದರೆ ಅವನ ಮನಸ್ಸು ಏನೂ ಹೇಳುತ್ತಿರಲಿಲ್ಲ. ಹಿಮ ಬೀಳುವ ಯಾವುದೋ ಊರಲ್ಲಿ ಒಬ್ಬಾಕೆ ಪ್ರತಿ ಸೋಮವಾರ ತೀರಿಹೋದ ಗಂಡನ ಅಂಗಿ ಒಗೆಯುವ ಪದ್ಯ ಓದಿಸಿದರು. ಅವನಿಗೆ ಸಾಬೂನು ನೆನಪಾಯಿತು, ಮುಂದೆ ಏನೂ ಹೊಳೆಯಲಿಲ್ಲ. ಒಬ್ಬ ಮನುಷ್ಯ ನಿಚ್ಚಣಿಕೆ ಹೊತ್ತು ಒಂದೂವರೆ ತಾಸು ಊರೆಲ್ಲ ತಿರುಗುವ ಸಿನಿಮಾ ತೋರಿಸಿದರು. ಅವನು ನಿದ್ದೆ ಮಾಡಿ ಎದ್ದಾಗಲೂ ಆ ಮನುಷ್ಯ ತಿರುಗುತ್ತಲೇ ಇದ್ದ.

ದಾರಿ ತೋರಿಸಿದ್ದು ಮುತ್ಯಾ, ಅದೂ ತನಗೆ ಗೊತ್ತಿಲ್ಲದೆ. ಎಂಬತ್ತು ದಾಟಿದ ಮುತ್ಯಾ ಓದಿದ್ದು ನಾಲ್ಕನೇ ತನಕ ಉರ್ದು. ಆದರೆ ಅರವತ್ತು ವರ್ಷ ಮಠದ ಕಂಬಕ್ಕೆ ಒರಗಿ ಪುರಾಣ, ಪ್ರವಚನ, ವಚನ ಕೇಳಿದ ಕಿವಿ ಅವನದು. ಒಂದು ಸಂಜೆ ನಾಗನಾಥ ಬೇಸರಕ್ಕೆ ಅಂಗಿಯ ಪದ್ಯ ಹೇಳಿದ. ಮುತ್ಯಾ ಕಣ್ಣು ಮುಚ್ಚಿ ಕೇಳಿ ಅಂದ: "ಅಂಗಿ ಮಾಸಿಲ್ಲ ತಮ್ಮಾ. ಸ್ವಾಮಾರ ಅಂತೂ ಬರತದ. ಬಂದ ಮ್ಯಾಲ ಕೈಗಿ ಏನರೆ ಬೇಕಲ್ಲ."

ನಾಗನಾಥ ಅದನ್ನು ಹಾಗೇ ಬರೆದುಕೊಂಡು, ಡಿಕ್ಷನರಿ ಹಿಡಿದು ಇಂಗ್ಲಿಷಿಗೆ ತಿರುವಿದ. ಮೇಡಂ ಅದನ್ನು ಇಡೀ ತರಗತಿಗೆ ಓದಿ ತೋರಿಸಿದರು. ನಿಚ್ಚಣಿಕೆಯ ಸಿನಿಮಾ ಕೇಳಿ ಮುತ್ಯಾ, "ಅಂವಾ ಏರಾಕ ಹೊಂಟಿಲ್ಲ. ಆನಸಾಕ ಒಂದು ಗ್ವಾಡಿ ಹುಡುಕಾಕತ್ತಾನ," ಅಂದ. ಅದಕ್ಕೆ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಎರಡೂ ಬರಹಗಳಲ್ಲಿ ನಾಗನಾಥನದು ಎನ್ನುವಂಥದ್ದು ವ್ಯಾಕರಣದ ತಪ್ಪುಗಳು ಮಾತ್ರ.

ಉಳಿದದ್ದು ಮೂರನೆಯದು. ಕಡಲ ದಂಡೆಯಲ್ಲಿ ಒಬ್ಬ ಮುದುಕ ದಿನಾ ಬೆಳಿಗ್ಗೆ ತನ್ನ ದೋಣಿಗೆ ಬಣ್ಣ ಹಚ್ಚುತ್ತಾನೆ. ಒಂದು ದಿನವೂ ನೀರಿಗೆ ಇಳಿಸುವುದಿಲ್ಲ. ಕಡೆಗೊಂದು ಬೆಳಿಗ್ಗೆ ತೀರಿಹೋಗುತ್ತಾನೆ. ಇದು ಕತೆ. ನಿನ್ನೆ ಸಂಜೆ ಹೇಳಿದಾಗಿನಿಂದ ಮುತ್ಯಾ ಬಾಯಿ ಬಿಟ್ಟಿರಲಿಲ್ಲ. ಇವತ್ತು ನಾಲ್ಕು ಗಂಟೆಯೊಳಗೆ ವಹಿಗೆ ಮೇಡಂ ಸಹಿ ಬೀಳಬೇಕು, ಇಲ್ಲವಾದರೆ ಹತ್ತಕ್ಕೆ ಸೊನ್ನೆ.

"ಮುತ್ಯಾ, ಯಾಕ ಇಳಿಲಿಲ್ಲ ಅಂತ ನೀನೇ ಹೇಳು. ನನಗ ಬಸ್ಸಿಗಿ ಹೊತ್ತಾಯ್ತು."

ಮುತ್ಯಾ ಕಣ್ಣು ತೆರೆಯಲಿಲ್ಲ. ನಾಗನಾಥ ಓಡಿದ.

ಬಸ್ಸಿನಲ್ಲಿ ಬಳೆಗಾರ್ತಿ ವಜೀರಬಿಯ ಪಕ್ಕ ಜಾಗ ಸಿಕ್ಕಿತು. ಕಲ್ಯಾಣದ ಓಣಿಗಳಲ್ಲಿ ಬಳೆ ತೊಡಿಸಿ, ವಾರಕ್ಕೆರಡು ದಿನ ಹುಮನಾಬಾದಿಗೆ ಮಾಲು ತರಲು ಹೋಗುವ ಹೆಂಗಸು; ನಾಗನಾಥನ ಮನೆಯವರೂ ಅವನ ಕಾಲೇಜೂ ಅವಳಿಗೆ ಗೊತ್ತು. ಬಸ್ಸು ಬಂಗ್ಲಾ ಕ್ರಾಸ್ ದಾಟಿ ಹೈವೇಗೆ ಹತ್ತಿದ ಮೇಲೆ ನಾಗನಾಥ ಮನೆಗೆ ಫೋನು ಹಚ್ಚಿದ. ಇಂಜಿನ್ನಿನ ಸದ್ದಿಗೆ ಕೂಗಿಯೇ ಮಾತಾಡಬೇಕಾಯಿತು.

"ಅವ್ವಾ, ಮುತ್ಯಾ ಕಣ್ಣು ತೆಗದನೇನು? ಇನ್ನೂ ಇಲ್ಲಾ? ಮಾತರೆ ಆಡ್ದನಾ? ಅದೂ ಇಲ್ಲಾ? ಹೋಗ್ಲಿ ಬಿಡು. ಮೇಡಂ ನಾಕ ಗಂಟಿ ತನಕ ಅಂತ ಹೇಳ್ಯಾರ. ಜವಾಬ್ ಒಂದೇ ಉಳದದ. ನಾಕಕ್ಕ ಎಲ್ಲಾ ಮುಗಿಸಿಬಿಡಬೇಕು."

ಜವಾಬ್ ಎಂದರೆ ಈ ಸೀಮೆಯಲ್ಲಿ ಉತ್ತರ. ಆದರೆ ದವಾಖಾನೆಯ ಬಾಗಿಲಲ್ಲಿ ಅದೇ ಮಾತಿನ ಅರ್ಥ ಬೇರೆ. ಡಾಕ್ಟರು ಜವಾಬ್ ಕೊಟ್ಟರು ಎಂದರೆ, ಇನ್ನು ನಮ್ಮ ಕೈಯಲ್ಲಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು. ವಜೀರಬಿಯ ಕಿವಿಗೆ ಬಿದ್ದದ್ದು ಈ ಎರಡನೆಯ ಅರ್ಥ. ಅವಳು ಬಳೆಯ ಗಂಟನ್ನು ತೊಡೆಯಿಂದ ಕೆಳಗಿಟ್ಟಳು.

"ಯಾರು ಬೇಟಾ, ನಿಮ್ಮ ಮುತ್ಯಾ?"

"ಹೌದ್ರಿ."

"ಯಾವಾಗಿಂದ ಹಿಂಗ?"

"ನಿನ್ನಿ ಸಂಜಿಯಿಂದ್ರಿ. ಎಷ್ಟ ಒದರಿದ್ರೂ ಬಾಯಿ ಬಿಡವಲ್ಲ."

"ಮೇಡಂ ಹುಷಾರ್ ಅದಾಳೇನು?"

"ಭಾಳ ಕಡಕ್ ಅದಾರ್ರಿ. ಹೋದ ವರ್ಷ ಇದ್ದ ಸರ್ ಇನ್ನೂ ಕಡಕ್. ಒಂದೇ ಸಲಕ್ಕ ಏಳು ಮಂದಿನ್ನ ಹೊಡದು ಹಾಕಿದ್ರು."

"ಏಳು ಮಂದಿ," ಎಂದು ವಜೀರಬಿ ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಅದರಾಗ ನಾನೂ ಒಬ್ಬಾವ."

ವಜೀರಬಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಬಳೆ ಅಳತೆ ತೆಗೆಯುವವಳಂತೆ ಅವನ ಮುಂಗೈ ಹಿಡಿದಳು. ಬೆಚ್ಚಗಿತ್ತು. ದುಃಖದಲ್ಲಿ ಹುಡುಗನಿಗೆ ತಲೆ ಕೆಟ್ಟಿದೆ ಎಂದು ತಿಳಿದು ಅವಳ ಕಣ್ಣಲ್ಲಿ ನೀರು ಬಂತು. "ಅಲ್ಲಾ ಸಬರ್ ಕೊಡ್ಲಿ, ತಡಕೋ ಬೇಟಾ," ಎಂದು ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಅವನ ಕೈಗಿಟ್ಟಳು. ಇಂಗ್ಲಿಷಿನ ಕಷ್ಟ ಬಳೆ ಮಾರುವವರಿಗೂ ಗೊತ್ತಿದೆಯಲ್ಲ ಎಂದು ನಾಗನಾಥನಿಗೆ ಸಮಾಧಾನವಾಯಿತು. ಎರಡೂ ತಿಂದ.

ಹುಮನಾಬಾದಿನಲ್ಲಿ ಇಳಿದ ಅವನು ಕಾಲೇಜಿಗೆ ಹೋಗಲಿಲ್ಲ. ಮೇಡಂ ಪಿರಿಯಡ್ಡು ಮೂರಕ್ಕೆ. ಖಾಲಿ ಹಾಳೆ ಹಿಡಿದು ಅವರ ಎದುರು ಸುಳಿಯುವುದಕ್ಕಿಂತ ಎಲ್ಲಾದರೂ ಕೂತು ಬರೆಯೋಣವೆಂದು ವೀರಭದ್ರ ದೇವರ ಗುಡಿಯ ಪ್ರಾಂಗಣಕ್ಕೆ ನಡೆದ. ಮೊಬೈಲು ಬಂದ್ ಮಾಡಿದ. ಕಣ್ಣು ಮುಚ್ಚಿದರೆ ಮನಸ್ಸು ಮಾತಾಡೀತು ಎಂದು ಮುತ್ಯಾನ ಹಾಗೆ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ. ಎಚ್ಚರವಾದಾಗ ಹನ್ನೆರಡೂವರೆ. ಆಮೇಲೆ ಒಂದೂವರೆ ತಾಸು ಕಷ್ಟಪಟ್ಟು ಮೂರು ವಾಕ್ಯ ಬರೆದ: 'ಈ ಕತೆ ಚೆನ್ನಾಗಿದೆ. ದೋಣಿಯೂ ಚೆನ್ನಾಗಿದೆ. ಮುದುಕ ಸತ್ತದ್ದು ನನಗೆ ಹಿಡಿಸಲಿಲ್ಲ.' ತಾನೇ ಓದಿಕೊಂಡ. ಮಜ್ಜಿಗೆಯಿಲ್ಲದ ಅನ್ನದ ಹಾಗಿತ್ತು. ಗೀಟು ಹೊಡೆದು ಎದ್ದ.

ಅಷ್ಟರಲ್ಲಿ ವಜೀರಬಿ ಸುಮ್ಮನೆ ಕೂತಿರಲಿಲ್ಲ. ಅವಳ ತಂಗಿಯ ಮಗಳು ಅನ್ವರಿ ಅದೇ ಕಾಲೇಜಿನಲ್ಲಿ ಗಂಟೆ ಹೊಡೆಯುವ ಕೆಲಸದಲ್ಲಿದ್ದಳು. ವಜೀರಬಿ ಬಸ್ಸು ಇಳಿದವಳೇ ಫೋನು ಮಾಡಿ, ನಿಮ್ಮ ಕಾಲೇಜಿನ ನಾಗನಾಥನ ಮುತ್ಯಾ ಹೋದನಂತ, ನಾಕಕ್ಕ ಮಣ್ಣಂತ, ಪಾಪ ಹುಡುಗ ಸೂಟಿ ಕೇಳಾಕ ಅಂತ ಬಂದದ, ಎಂದು ತಿಳಿಸಿದಳು. ಅನ್ವರಿ ಸ್ಟಾಫ್ ರೂಮಿಗೆ ತಿಳಿಸಿದಳು. ಸುಮೇಧಾ ಮೇಡಂ ಹುಡುಗನಿಗೆ ಫೋನು ಹಚ್ಚಿಸಿದರೆ ಸ್ವಿಚ್ ಆಫ್. ಇನ್ನು ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

ನಾಗನಾಥ ಕಾಲೇಜು ಮುಟ್ಟಿದಾಗ ಎರಡೂವರೆ. ಗೇಟು ಅರ್ಧ ಹಾಕಿತ್ತು. ಹೊರಗಿನ ಕರಿಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಶ್ರದ್ಧಾಂಜಲಿ' ಎಂದು, ಕೆಳಗೆ ಮುತ್ಯಾನ ಹೆಸರು ಬರೆದಿತ್ತು. ನಾಗನಾಥ ಅದನ್ನು ಎರಡು ಸಲ ಓದಿದ.

"ನೀ ಇಲ್ಲೇನ ಮಾಡಾಕತ್ತಿ?" ಅನ್ವರಿ ಸೆರಗಿನಿಂದ ಮೂಗು ಒರೆಸುತ್ತ ಬಂದಳು. "ಎರಡು ಮಿನಿಟು ಮೌನ ಸುದ್ದಾ ಮುಗೀತು. ಮೇಡಂನವರೂ ನಿಮ್ಮ ಕ್ಲಾಸಿನವರೂ ಕ್ರೂಸರ್ ಗಾಡಿ ಮಾಡ್ಕೊಂಡು ನಿಮ್ಮನಿಗಿ ಹೋಗ್ಯಾರ."

"ನಮ್ಮ ಮುತ್ಯಾಗ ಏನಾಯ್ತು?"

"ನನ್ನ ಕೇಳ್ತೀಯಲ್ಲೋ," ಎಂದು ಅನ್ವರಿ ಮತ್ತೆ ಅತ್ತಳು.

ಅವನು ಮೊಬೈಲು ಚಾಲೂ ಮಾಡಿದ. ಅವ್ವ ಹನ್ನೊಂದು ಸಲ ಕಾಲ್ ಮಾಡಿದ್ದಳೆಂದು ಮೆಸೇಜು ಬಂತು. ತಿರುಗಿ ಹಚ್ಚಿದರೆ ಯಾರೂ ಎತ್ತಲಿಲ್ಲ.

ಊರಿಗೆ ಮರಳುವ ಬಸ್ಸಿನಲ್ಲಿ ಅವನಿಗೆ ಕಿಟಕಿಯ ಹೊರಗೆ ಏನೂ ಕಾಣಲಿಲ್ಲ. ಬೆಳಿಗ್ಗೆ ಕಣ್ಣು ಮುಚ್ಚಿ ಕೂತಿದ್ದ ಮುತ್ಯಾನನ್ನು ಬಿಟ್ಟು ಓಡಿ ಬಂದದ್ದೊಂದೇ ಕಣ್ಣೆದುರು. ತೊಡೆಯ ಮೇಲೆ ವಹಿ ಇತ್ತು. ಏನು ಮಾಡುತ್ತಿದ್ದೇನೆ ಎಂದು ತಿಳಿಯದೆ ತೆರೆದ, ತಿಳಿಯದೆಯೇ ಬರೆಯತೊಡಗಿದ. ಡಿಕ್ಷನರಿ ಬೇಕಾಗಲಿಲ್ಲ. ಕನ್ನಡದಲ್ಲಿ ಯೋಚಿಸಿ ತಿರುವಬೇಕಾಗಲಿಲ್ಲ. ಚಿಕ್ಕ ಚಿಕ್ಕ ಮಾತುಗಳು, ಒಂದರ ಹಿಂದೆ ಒಂದು, ಭಜನೆಯಲ್ಲಿ ತಾಳ ಬೀಳುವ ಹಾಗೆ ಬಂದವು: 'ಆ ದೋಣಿ ನೀರಿಗಾಗಿ ಇರಲಿಲ್ಲ. ಬೆಳಗಿಗಾಗಿ ಇತ್ತು. ನೀರಿಗೆ ಇಳಿಸಿದರೆ ನಾಳೆ ಎದ್ದು ಎಲ್ಲಿಗೆ ಹೋಗಬೇಕು? ಇವತ್ತೂ ಬೆಳಗಾಗಿದೆ. ಬಣ್ಣ ಇನ್ನೂ ಹಸಿಯಾಗಿದೆ. ಮುದುಕ ಇಲ್ಲ.' ಇಪ್ಪತ್ತು ವರ್ಷದಲ್ಲಿ ಅವನ ಮನಸ್ಸು ಮೊದಲ ಸಲ ಬಾಯಿ ಬಿಟ್ಟಿತ್ತು. ದಾರಿಯಲ್ಲಿನ ರಾಜೇಶ್ವರ ಊರು ಬರುವಷ್ಟರಲ್ಲಿ ಒಂದು ಪುಟ ತುಂಬಿತು.

ಓಣಿಯ ಬಾಯಲ್ಲಿ ಕ್ರೂಸರ್ ನಿಂತಿತ್ತು. ಅಂಗಳದ ತುಂಬ ಚಪ್ಪಲಿ. ಗೋಡೆಯ ಮೇಲೆ ಓಣಿಯ ಮಕ್ಕಳು. ನಡುವೆ ಕಟ್ಟೆಯ ಮೇಲೆ, ಕಂಬಳಿ ಹಾಸಿ, ಗೋಡೆಗೆ ಒರಗಿಸಿ, ಕೊರಳಿಗೆ ದಪ್ಪ ಸೇವಂತಿಗೆಯ ಮಾಲೆ ಹಾಕಿ ಮುತ್ಯಾನನ್ನು ಕೂರಿಸಿದ್ದರು. ಅವರ ಮನೆತನದಲ್ಲಿ ಹೋದವರನ್ನು ಹೀಗೇ ಕೂರಿಸುವ ಪದ್ಧತಿ. ಹಣೆಯಲ್ಲಿ ವಿಭೂತಿ. ಕಣ್ಣು ಮುಚ್ಚಿತ್ತು.

ನಾಗನಾಥ ಮಂದಿಯನ್ನು ಸರಿಸಿ ಹೋಗಿ ಮುತ್ಯಾನ ಕಾಲ ಮೇಲೆ ಬಿದ್ದ. "ನನ್ನ ಬಿಟ್ಟು ಹೋದ್ಯಲ್ಲೋ ಮುತ್ಯಾ," ಎಂದು ದನಿ ತೆಗೆದು ಅತ್ತ.

ಮುತ್ಯಾ ಒಂದು ಕಣ್ಣು ತೆರೆದ. "ಯಾಕೋ," ಅಂದ, "ನಪಾಸಾದೇನು?"

ನಡೆದದ್ದು ಇಷ್ಟು. ಮೇಡಂ ಮಾಲೆ ಹಿಡಿದು ಬಾಗಿಲಿಗೆ ಬಂದಾಗ ಮುತ್ಯಾ ಕಟ್ಟೆಯ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದ. ಹಿಂದೆ ಹನ್ನೆರಡು ಹುಡುಗರು ತಲೆ ತಗ್ಗಿಸಿ ನಿಂತಿದ್ದರು. ಮುತ್ಯಾನೇ, "ಬರ್ರಿ, ಯಾರು ನೀವು?" ಅಂದ. ಕಾಲೇಜಿನವರು ಎಂದರು. ಮಾಲೆ ಯಾರಿಗೆ ಎಂದ. ಮೇಡಂ ತಡವರಿಸಿ, ನಿಮಗೇ ಎಂದರು. ಸುಳ್ಳೇನೂ ಅಲ್ಲ. ಮುತ್ಯಾ ಕೈ ತೊಳೆದು ಬಂದು ಕೊರಳು ಮುಂದೆ ಮಾಡಿದ. ಹುಡುಗರು ಬೇರೇನೂ ತೋಚದೆ ಚಪ್ಪಾಳೆ ಹೊಡೆದರು. ಪುರಾಣ ಹೇಳುವವರಿಗೆ ಮಾಲೆ ಹಾಕುವುದನ್ನು ಅರವತ್ತು ವರ್ಷ ನೋಡಿದ್ದ ಮುತ್ಯಾ, ಕೇಳುವವನಿಗೂ ಒಂದು ದಿನ ಬಂತಲ್ಲ ಎಂದುಕೊಂಡ. ಅವ್ವ ಮಗನಿಗೆ ಫೋನು ಹಚ್ಚಿ ಹಚ್ಚಿ ಸಾಕಾಗಿ ಚಹಾಕ್ಕೆ ಇಟ್ಟಳು. ಶಕುಂತಲಾಬಾಯಿ, "ಅಷ್ಟ ದೂರದಿಂದ ಬಂದೀರಿ, ಹಂಗೇ ಹ್ಯಾಂಗ ಹೋಗ್ತೀರಿ," ಎಂದು ಎಲ್ಲರನ್ನೂ ತಡೆದು, ಚುರುಮುರಿ ನೆನೆಸಿ ಒಗ್ಗರಣೆ ಹಾಕಿ ಸುಸಲಾ ಮಾಡಿ ತಟ್ಟೆ ತಟ್ಟೆ ತಂದು ಇಟ್ಟಳು. ಕಾಕಾ ಮುಂಜಾನೆ ಕೇಳಿದ, ಬಾವಿಗೆ ಇಳಿಯದ ಆ ಮುದುಕ ಯಾರೆಂದು ಅವಳಿಗೆ ಇನ್ನೂ ತಿಳಿಯಬೇಕಾಗಿತ್ತು; ಮೇಡಂ ಅವರನ್ನೂ ವಿಚಾರಿಸಿದಳು.

ಸುಸಲಾ ತಿನ್ನುತ್ತ ಮಾತು ಬೆಳೆಯಿತು. ಮುತ್ಯಾ ಹುರುಪಿನಲ್ಲಿ, ಮೊಮ್ಮಗ ಹೇಳುವ ಕತೆಗಳ ಬಗ್ಗೆ ಮಾತಾಡಿದ. ಅಂಗಿ ಒಗೆಯುವಾಕೆಯ ಮಾತು ಬಂತು. ನಿಚ್ಚಣಿಕೆಯವನ ಮಾತು ಬಂತು. ಮೇಡಂ ಮೊದಲು ತಟ್ಟೆ ಕೆಳಗಿಟ್ಟರು, ಆಮೇಲೆ ಕನ್ನಡಕ ತೆಗೆದರು. ಈ ಸಲ ಒರೆಸಿಕೊಳ್ಳಲಿಲ್ಲ.

ಈಗ ಅವರು ನಾಗನಾಥನ ಮುಂದೆ ಕೈ ಚಾಚಿದರು. "ವಹಿ ಕೊಡು."

ಮುತ್ಯಾ ಬದುಕಿರುವ ಸಂತೋಷದಲ್ಲಿ ನಾಗನಾಥ ಕೊಟ್ಟುಬಿಟ್ಟ.

ಮೇಡಂ ಮೊದಲನೆಯದನ್ನು ತಿರುವಿದರು, ಎರಡನೆಯದನ್ನು ತಿರುವಿದರು. "ಸ್ವಾಮಾರ ಬರತದ, ಕೈಗಿ ಏನರೆ ಬೇಕು. ಗ್ವಾಡಿ ಹುಡುಕಾಕತ್ತಾನ. ಈಗ ಅರ್ಧ ತಾಸಿನ ಹಿಂದ ಇವೇ ಮಾತು ಇಲ್ಲೇ ಕೂತು ಕೇಳೀನಿ ನಾಗನಾಥ. ನಿನ್ನ ಮನಸ್ಸು ಏನಂತದ ಬರಿ ಅಂದ್ರ, ನೀ ನಿಮ್ಮ ಮುತ್ಯಾರ ಮನಸ್ಸು ಬರದೀ."

ನಾಗನಾಥ ಕಟ್ಟೆಯ ಕಲ್ಲು ನೋಡಿದ.

ಮೇಡಂ ಮೂರನೆಯ ಪುಟಕ್ಕೆ ಬಂದರು. ಓದಿದರು. ಮತ್ತೊಮ್ಮೆ ಓದಿದರು. "ಇದಂತೂ ಎಲ್ಲಾದಕ್ಕಿಂತ ಚಲೋ ಅದ," ಎಂದರು ಬೇಸರದಿಂದ.

"ಅದು ನಂದೇ ರಿ ಮೇಡಂ. ಖರೇನೇ ನಂದು. ಬಸ್ಸಿನ್ಯಾಗ ಬರದೀನಿ."

"ಅಕ್ಷರ ನೋಡು, ಹ್ಯಾಂಗ ಓಡ್ಯಾವ. ಮುತ್ಯಾರು ಹೇಳಾಕತ್ತಾರ, ನೀ ಗಡಬಡಿಲೇ ಬರ್ಕೊಂಡೀ. ಮೊದಲಿನ ಎರಡರಾಗ ಸಾಲಿಗೊಂದು ತಪ್ಪಿದ್ವು. ಇದರಾಗ ಎರಡೇ ಅವ. ತಪ್ಪು ಮಾಡಾಕೂ ನಿನಗ ಟೈಮ್ ಸಿಕ್ಕಿಲ್ಲ."

"ಬಸ್ಸು ಕುಲುಕತಿತ್ರಿ."

"ಮುಂಜಾನಿ ಈ ಪ್ರಶ್ನಿ ಯಾರು ಕೇಳಿದ್ರು? ಮುದುಕ ನೀರಿಗಿ ಯಾಕ ಇಳಿಲಿಲ್ಲ ಅಂತ?"

"ಕಾಕಾನೇ ಕೇಳಿದ್ರಿ," ಎಂದು ಶಕುಂತಲಾಬಾಯಿ ಯಾರೂ ಕೇಳದಿದ್ದರೂ ಸಾಕ್ಷಿ ನುಡಿದಳು. "ನನ್ನ ಕೊಡ ತುಂಬಿ ಚೆಲ್ಲಾಕತ್ತಿತ್ತು, ಆವಾಗ."

ಮೇಡಂ ಪುಟವನ್ನು ಕನ್ನಡದಲ್ಲಿ ಮುತ್ಯಾನಿಗೆ ಓದಿ ಹೇಳಿದರು. ಮುತ್ಯಾ ಕಣ್ಣು ಮುಚ್ಚಿ ಕೇಳಿದ. ದೋಣಿ ಬೆಳಗಿಗಾಗಿ ಇತ್ತು ಎನ್ನುವಲ್ಲಿ ತಲೆ ಸಣ್ಣಗೆ ತೂಗಿದ. ಬಣ್ಣ ಹಸಿಯಾಗಿದೆ ಎನ್ನುವಲ್ಲಿ ಬಾಯಲ್ಲಿ ಶಿವಶಿವಾ ಎಂದ. ಓದು ಮುಗಿದ ಮೇಲೂ ಬಹಳ ಹೊತ್ತು ಕಣ್ಣು ತೆರೆಯಲಿಲ್ಲ.

"ಮುತ್ಯಾ," ಎಂದರು ಮೇಡಂ, "ನೀವು ಹಿರೇರು. ನೀವು ಸುಳ್ಳ ಹೇಳಂಗಿಲ್ಲ. ಇದು ಹುಡುಗಂದೇ ಅಂತ ನೀವು ಒಂದ ಮಾತು ಅಂದ್ರ ಹತ್ತಕ್ಕ ಹತ್ತು ಹಾಕಿ ಇಲ್ಲೇ ಸಹಿ ಮಾಡ್ತೀನಿ. ಮೊದಲಿನ ಎರಡೂ ಮಾಫ್. ಇಲ್ಲಂದ್ರ ಮೂರಕ್ಕೂ ಸೊನ್ನಿ." ಗಡಿಯಾರ ನೋಡಿಕೊಂಡರು. ನಾಲ್ಕಕ್ಕೆ ಐದು ನಿಮಿಷ. ಪೆನ್ನಿನ ಟೋಪಿ ತೆಗೆದು ಕೂತರು.

ಅಂಗಳದಲ್ಲಿ ಹುಡುಗರು ಮುತ್ಯಾನನ್ನು ನೋಡುತ್ತಿದ್ದರು. ಹಿಂದಿನ ಸಾಲಿನ ಒಬ್ಬ ಪಕ್ಕದವನಿಗೆ, ಎಂಥ ಮಾತು ಹೇಳ್ಯಾನ ನೋಡೋ ಮುತ್ಯಾ, ಎಂದದ್ದು ಕಟ್ಟೆಯ ತನಕ ಕೇಳಿಸಿತು.

ನಾಗನಾಥ ಮುತ್ಯಾನ ಕಿವಿಯ ಹತ್ತಿರ ಬಗ್ಗಿದ. "ಮುತ್ಯಾ, ಇದು ನಂದು ಅಂತ ಹೇಳು. ನಿನಗ ಗೊತ್ತದ ನೀ ಹೇಳಿಲ್ಲಂತ."

ಮುತ್ಯಾ ಕೊರಳ ಮಾಲೆಯ ಒಂದು ಸೇವಂತಿಗೆಯನ್ನು ನೇರ ಮಾಡಿದ.

"ಗೊತ್ತದ," ಅಂದ, ಮೊಮ್ಮಗನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಆದ್ರ ಮೂರರಾಗ ಇದೇ ಚಲೋ ಅದ. ನಿಂದು ಅಂತ ನಾ ಹೇಳಲ್ಲ."